ರಷ್ಯನ್ ಕ್ರಿಯಾಪದದ ಪ್ರಿಫಿಕ್ಸ್ ಕಲಿಯೋ ಸರಿಯಾದ ಕ್ರಮ: ಸಮಗ್ರ ಮಾರ್ಗದರ್ಶಿ

ರಷ್ಯನ್ ಕಲೀತಿರೋ ನಮ್ಮೋರು, ಮೆಡಿಕಲ್ ಓದೋಕೆ ಅಲ್ಲಿಗೆ ಹೋಗಿರೋ ಹುಡುಗ್ರಾಗ್ಲಿ, ಇಲ್ಲೇ ಕೂತು ಆನ್‌ಲೈನಲ್ಲಿ ಕಲಿಯೋರಾಗ್ಲಿ, ಮೊದಲ ಕೆಲವು ತಿಂಗಳು ಚೆನ್ನಾಗೇ ಹೋಗ್ತಾರೆ, ಆಮೇಲೆ ಎಲ್ಲರೂ ಒಂದೇ ಜಾಗದಲ್ಲಿ ಸಿಕ್ಕಾಕೊಳ್ತಾರೆ. ಆ ಜಾಗ ಯಾವುದು ಅಂದ್ರೆ ಕ್ರಿಯಾಪದದ ಮುಂದೆ ಬಂದು ಅಂಟ್ಕೊಳ್ಳೋ ಸಣ್ಣ ಸಣ್ಣ ಪ್ರಿಫಿಕ್ಸ್‌ಗಳು. ಎಲ್ಲರೂ ಮಾಡೋದೂ ಒಂದೇ: ಒಂದು ಪಟ್ಟಿ ಡೌನ್‌ಲೋಡ್ ಮಾಡ್ಕೊಂಡು "ವಿ ಅಂದ್ರೆ ಹೊರಗೆ, ಪೆರೆ ಅಂದ್ರೆ ದಾಟಿ, ಜ಼ ಅಂದ್ರೆ ಹಿಂದೆ" ಅಂತ ಬಾಯಿಪಾಠ. ವಾಕ್ಯ ಮಾಡೋಕೆ ಹೋದ್ರೆ ಆ ಪಟ್ಟಿಯಿಂದ ಏನೂ ಸಹಾಯ ಆಗಲ್ಲ.

ಇದಕ್ಕೆ ಕಾರಣ ಕ್ರಮ ತಪ್ಪಿರೋದು. ಪ್ರಿಫಿಕ್ಸಿನ ಅರ್ಥ ಕೊನೇಲಿ ಕಲಿಯಬೇಕಾದ್ದು, ಅದಕ್ಕಿಂತ ಮುಂಚೆ ಗಟ್ಟಿ ಮಾಡ್ಕೋಬೇಕಾದ್ದು ಬೇರೆ ಇದೆ. ಇನ್ನೊಂದು ವಿಷ್ಯ, ನಮ್ಮೋರು ಇದನ್ನ ಸಂಸ್ಕೃತದ ಉಪಸರ್ಗದ ಜೊತೆ ಹೋಲಿಸಿ ಬಿಟ್ಬಿಡ್ತಾರೆ. ಆಹಾರ, ವಿಹಾರ, ಸಂಹಾರ, ಪರಿಹಾರ ಅಂತ ನಮಗೆ ಗೊತ್ತು ನಿಜ, ಆದ್ರೆ ಅವೆಲ್ಲ ನಮಗೆ ರೆಡಿಯಾಗಿ ಸಿಕ್ಕಿರೋ ಪದಗಳು, ಮಾತಾಡ್ತಾ ಮಾತಾಡ್ತಾ ನಾವು ಹೊಸದಾಗಿ ಮಾಡಲ್ಲ. ರಷ್ಯನ್ನರು ದಿನಾ ಮಾಡ್ತಾರೆ, ಗೂಗಲ್ ಮಾಡೋದಕ್ಕೆ "ಗೂಗ್ಲಿತ್" ಅಂತ ಕ್ರಿಯಾಪದ ಮಾಡ್ಕೊಂಡು, ಒಂದ್ಸಲ ಹುಡುಕಿ ನೋಡೋದಕ್ಕೆ "ಪೊಗೂಗ್ಲಿತ್", ಹುಡುಕಿ ಸಿಗಿಸ್ಕೊಳ್ಳೋದಕ್ಕೆ "ನಗೂಗ್ಲಿತ್" ಅಂದ್ಬಿಡ್ತಾರೆ. ಕನ್ನಡದಲ್ಲಿ ಈ ಕೆಲಸ ಮಾಡೋದು ಕ್ರಿಯಾಪದದ ಬಾಲ: ಓಡಿಹೋಗು, ಓಡಿಬಾ, ಬರೆದುಕೊ, ಬರೆದಿಡು, ತಿಂದುಬಿಡು, ಓದಿಮುಗಿಸು. ನಾವು ಹಿಂದೆ ಹಾಕೋದನ್ನ ಅವರು ಮುಂದೆ ಹಾಕ್ತಾರೆ. ಒಂದಕ್ಕೊಂದು ಯಾವಾಗ್ಲೂ ಸಮ ಆಗಲ್ಲ, ಆದ್ರೆ ಯೋಚನೆ ಶುರು ಮಾಡೋಕೆ ಅದೇ ಸರಿಯಾದ ಜಾಗ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಸಿರಿಲಿಕ್ ಅಕ್ಷರ ಓದೋಕೆ ಬರಬೇಕು, ಅದಿಲ್ದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ. ಇಲ್ಲಿ ನಾನು ಕನ್ನಡ ಲಿಪೀಲಿ ಬರೀತಿರೋದು ಓದೋ ಅನುಕೂಲಕ್ಕೆ ಮಾತ್ರ, ಉಚ್ಚಾರಣೆ ನೋಡ್ದೆ ಅಕ್ಷರಕ್ಕೆ ಅಕ್ಷರ ಬರೆದಿದೀನಿ, ಮತ್ತೆ ಎಲ್ಲಿ ದೀರ್ಘ ಕಾಣುತ್ತೋ ಅಲ್ಲಿ ಒತ್ತು (ಹೇಳೋವಾಗ ಜೋರು ಕೊಡೋದು) ಬೀಳುತ್ತೆ ಅಂತ ತಿಳ್ಕೊಳ್ಳಿ.

ಎರಡನೇದು, ಒಳ್ಳೆ ನಿಘಂಟು. ಒಳ್ಳೇದು ಅಂದ್ರೆ ಪ್ರತಿ ಕ್ರಿಯಾಪದದ ಪಕ್ಕ "ಸೋವ್" ಅಥವಾ "ನೆಸೋವ್" ಅಂತ ಗುರುತು ಹಾಕಿರಬೇಕು. ಸೋವ್ ಅಂದ್ರೆ ಕೆಲಸ ಮುಗಿದ ರೂಪ, ನೆಸೋವ್ ಅಂದ್ರೆ ನಡೀತಿರೋ, ಪದೇ ಪದೇ ಆಗೋ, ಇಲ್ಲಾ ಸುಮ್ನೆ ಹೆಸರಿಸೋ ರೂಪ. ಈ ಗುರುತಿಲ್ಲದ ನಿಘಂಟನ್ನ ಪಕ್ಕಕ್ಕಿಡಿ, ಮೊಬೈಲ್ ಆ್ಯಪ್ ಆದ್ರೂ ಅಷ್ಟೇ. ಒತ್ತಿನ ಗುರುತೂ ಇರಲೇಬೇಕು.

ಮೂರನೇದು ಒಂದು ನೋಟ್‌ಬುಕ್, ಪ್ರತಿ ಪುಟಕ್ಕೆ ಒಂದೇ ಮೂಲ ಕ್ರಿಯಾಪದ. ಪ್ರಿಫಿಕ್ಸಿಗೊಂದು ಪುಟ ಮಾಡ್ಬೇಡಿ, ಎಡವೋರು ಜಾಸ್ತಿ ಎಡವೋದು ಇಲ್ಲೇ. ಉದಾಹರಣೆ ವಾಕ್ಯ ಬೇಕಾದಾಗ ರಷ್ಯನ್ ನ್ಯಾಷನಲ್ ಕಾರ್ಪಸ್ ಅಂತ ಆನ್‌ಲೈನಲ್ಲಿ ಇದೆ, ಪದ ಕೊಟ್ರೆ ಅದು ಬಂದಿರೋ ನಿಜವಾದ ವಾಕ್ಯಗಳು ಸಿಗ್ತವೆ.

## ಹಂತ 1: ಪ್ರಿಫಿಕ್ಸ್ ಇಲ್ಲದ ಕ್ರಿಯಾಪದ ಮೊದಲು ಗಟ್ಟಿ ಮಾಡ್ಕೊಳ್ಳಿ

ಪಿಸಾತ್ (ಬರೆಯೋದು), ಚಿತಾತ್ (ಓದೋದು), ದೇಲತ್ (ಮಾಡೋದು), ಯೇಸ್ತ್ (ತಿನ್ನೋದು), ಇದ್‌ತೀ ಮತ್ತೆ ಖೊದೀತ್ (ನಡ್ಕೊಂಡು ಹೋಗೋದು), ಯೇಖತ್ (ಗಾಡೀಲಿ ಹೋಗೋದು), ಹೀಗೆ ಹತ್ತು ಹದಿನೈದು ಸಾಕು. ಇವುಗಳ ನಾನು, ನೀನು, ಅವನು ರೂಪಗಳು ನಿದ್ದೇಲಿ ಕೇಳಿದ್ರೂ ಬರೋ ಹಾಗಿರಬೇಕು.

ಯಾಕೆ ಅಂದ್ರೆ ಪ್ರಿಫಿಕ್ಸ್ ಅಂಟಿದ ಮೇಲೂ ಹಿಂದಿನ ಭಾಗ ಹಾಗೇ ನಡ್ಕೊಳ್ಳುತ್ತೆ. ಪಿಶೂ (ಬರೀತೀನಿ) ಬಂದ್ರೆ ನಪಿಶೂ, ಪೊದ್‌ಪಿಶೂ, ಪೆರೆಪಿಶೂ ಎಲ್ಲಾ ಪುಕ್ಕಟೆ ಬಂತು. ಪಿಶೂ ಬರ್ದೇ ಇದ್ರೆ ಪ್ರತಿಯೊಂದನ್ನೂ ಬೇರೆ ಬೇರೆ ಕಲೀಬೇಕಾಗುತ್ತೆ, ಆಗ ತಲೆ ಕೆಡದೆ ಇನ್ನೇನಾಗುತ್ತೆ.

## ಹಂತ 2: ಪ್ರಿಫಿಕ್ಸ್ ಅಂಟಿದ ತಕ್ಷಣ ಕಾಲ ಬದಲಾಗುತ್ತೆ

ಅರ್ಥ ಆಮೇಲೆ, ಮೊದಲು ಇದನ್ನ ನೋಡಿ. ಪಿಸಾತ್ ಮುಗಿಯದ ರೂಪ. ಅದಕ್ಕೆ ಯಾವುದೇ ಪ್ರಿಫಿಕ್ಸ್ ಹಾಕಿ, ಅದು ಮುಗಿದ ರೂಪ ಆಗುತ್ತೆ. ಮುಗಿದ ರೂಪಕ್ಕೆ ವರ್ತಮಾನ ಕಾಲ ಅನ್ನೋದೇ ಇಲ್ಲ. ಹಾಗಾಗಿ ಪಿಶೂ ಅಂದ್ರೆ "ಬರೀತಿದೀನಿ", ನಪಿಶೂ ಅಂದ್ರೆ "ಬರೆದು ಮುಗಿಸ್ತೀನಿ", ಅಂದ್ರೆ ಇನ್ಮೇಲೆ ಆಗೋದು. ಕೊನೆ ಪ್ರತ್ಯಯ ಒಂದೇ ಥರ ಇದ್ರೂ ಕಾಲ ಬೇರೆ.

ಇಲ್ಲಿ ಆಗೋ ತಪ್ಪು ಎರಡು. ಒಂದು, "ಬೂದು ನಪಿಸಾತ್" ಅನ್ನೋದು. ಬೂದು ಅನ್ನೋ ಭವಿಷ್ಯದ ಸಹಾಯಕ ಪದ ಮುಗಿಯದ ರೂಪದ ಜೊತೆ ಮಾತ್ರ ಬರುತ್ತೆ, ಬೂದು ಪಿಸಾತ್ ಸರಿ, ಬೂದು ನಪಿಸಾತ್ ಯಾವತ್ತೂ ತಪ್ಪು. ಎರಡು, ಶುರು ಮಾಡಿದೆ, ಮುಂದುವರಿಸಿದೆ, ನಿಲ್ಲಿಸಿದೆ ಅನ್ನೋ ಕ್ರಿಯಾಪದಗಳ ಪಕ್ಕ ಮುಗಿದ ರೂಪ ಹಾಕೋದು. ಅಲ್ಲೂ ಮುಗಿಯದ ರೂಪವೇ ಬರಬೇಕು, ಕೆಲಸ ಶುರು ಆಗಿದೆ ಅಂತ ಹೇಳೋವಾಗ ಮುಗಿದಿದೆ ಅಂತ ಹೇಳೋಕಾಗಲ್ವಲ್ಲ.

ಅನುಮಾನ ಬಂದ್ರೆ ಕನ್ನಡದಲ್ಲಿ ಹೇಳಿ ನೋಡಿ. "ಎರಡು ಗಂಟೆ ಓದ್ದೆ" ಅಂದ್ರೆ ಚಿತಾಲ್. "ಎರಡು ಗಂಟೇಲಿ ಓದಿ ಮುಗ್ಸಿದೆ" ಅಂದ್ರೆ ಪ್ರೊಚಿತಾಲ್. ಗಂಟೆ, ಗಂಟೇಲಿ ಅನ್ನೋ ವ್ಯತ್ಯಾಸ ನಮ್ಮ ಬಾಯಲ್ಲಿ ತಾನಾಗೇ ಬರುತ್ತೆ, ಅದನ್ನೇ ಹಿಡ್ಕೊಳ್ಳಿ.

## ಹಂತ 3: ಪ್ರಿಫಿಕ್ಸ್ ಖಾಲಿಯೋ, ಅರ್ಥ ತುಂಬಿದ್ದೋ ಅಂತ ಬೇರೆ ಮಾಡಿ

ಪ್ರತಿ ಮೂಲ ಕ್ರಿಯಾಪದಕ್ಕೂ ಸಾಮಾನ್ಯವಾಗಿ ಒಂದು ಪ್ರಿಫಿಕ್ಸ್ ಇರುತ್ತೆ, ಅದು ಅರ್ಥ ಬದಲಾಯಿಸ್ದೆ ಬರೀ "ಮುಗೀತು" ಅಂತ ಹೇಳುತ್ತೆ. ಪಿಸಾತ್‌ಗೆ ನಪಿಸಾತ್, ಚಿತಾತ್‌ಗೆ ಪ್ರೊಚಿತಾತ್, ದೇಲತ್‌ಗೆ ಸ್ದೇಲತ್, ಯೇಸ್ತ್‌ಗೆ ಸ್ಯೇಸ್ತ್ (ತಿಂದುಬಿಡೋದು). ಯಾವ ಕ್ರಿಯಾಪದಕ್ಕೆ ಯಾವುದು ಅನ್ನೋದಕ್ಕೆ ಪೂರ್ತಿ ನಂಬೋ ಅಂಥ ನಿಯಮ ಇಲ್ಲ, ಕಲ್ತೇ ಕಲೀಬೇಕು.

ಉಳಿದವು ಅರ್ಥವನ್ನೇ ಬೇರೆ ಮಾಡ್ತವೆ. ಪಿಸಾತ್ ಪುಟ ನೋಡಿ:

ಜ಼ಪಿಸಾತ್: ಬರೆದುಕೊಳ್ಳೋದು, ಗುರುತು ಹಾಕ್ಕೊಳ್ಳೋದು, ರೆಕಾರ್ಡ್ ಮಾಡೋದು
ಪೊದ್‌ಪಿಸಾತ್: ಸಹಿ ಹಾಕೋದು (ಕೆಳಗೆ ಬರೆಯೋದು)
ಪೆರೆಪಿಸಾತ್: ಮತ್ತೆ ಬರೆಯೋದು, ನಕಲು ಇಳಿಸೋದು
ಒಪಿಸಾತ್: ವರ್ಣಿಸೋದು
ದೊಪಿಸಾತ್: ಉಳಿದಿದ್ದನ್ನ ಬರೆದು ಮುಗಿಸೋದು
ಸ್ಪಿಸಾತ್: ನೋಡ್ಕೊಂಡು ಬರೆಯೋದು, ಪರೀಕ್ಷೇಲಿ ಕಾಪಿ ಹೊಡೆಯೋದೂ ಇದೇ
ವೀಪಿಸತ್: ಬರೆದು ತೆಗೆಯೋದು

ಕೊನೇದನ್ನ ಸ್ವಲ್ಪ ಹತ್ರದಿಂದ ನೋಡೋಣ, ಮೆಡಿಕಲ್ ಓದೋರಿಗೆ ಇದು ದಿನಾ ಬೇಕು. ವೀಪಿಸತ್ ಮುಂದೆ ರೆತ್ಸೇಪ್ತ್ ಬಂದ್ರೆ ಔಷಧಿ ಚೀಟಿ ಬರೆದುಕೊಡೋದು. ಅದೇ ವೀಪಿಸತ್ ಮುಂದೆ ರೋಗಿ ಬಂದ್ರೆ ಡಿಸ್ಚಾರ್ಜ್ ಮಾಡೋದು. ಎರಡರಲ್ಲೂ "ಬರೆದು ಹೊರಗೆ" ಅನ್ನೋ ಎಳೆ ಇದೆ, ಚೀಟಿ ಬರೆದು ಕೈಗೆ ಕೊಡೋದು ಒಂದು, ಹೆಸರನ್ನ ಆಸ್ಪತ್ರೆ ಪಟ್ಟಿಯಿಂದ ತೆಗೆಯೋದು ಇನ್ನೊಂದು. ಹಾಗಾಗಿ ನೋಟ್‌ಬುಕ್ಕಲ್ಲಿ ಒಂಟಿ ಕ್ರಿಯಾಪದ ಬರೀಬೇಡಿ, ಅದರ ಜೊತೆ ಬರೋ ಕರ್ಮಪದ ಸೇರಿಸೇ ಬರೀರಿ.

## ಹಂತ 4: ಅರ್ಥ ಬದಲಾದ ಪ್ರತಿಯೊಂದಕ್ಕೂ ಜೋಡಿ ಬರೆದಿಡಿ

ಪುಸ್ತಕ ಓದಿ ಕಲಿಯೋರಲ್ಲಿ ಬಹಳಷ್ಟು ಜನ ಈ ಹಂತ ಹಾರಿಸ್ತಾರೆ, ಮಾತು ನಿಲ್ಲೋದೂ ಇಲ್ಲೇ.

ಪೊದ್‌ಪಿಸಾತ್ ಅಂದ್ರೆ ಸಹಿ ಹಾಕಿ ಮುಗಿಸೋದು. ಸರಿ, "ನಾನು ಈಗ ಸಹಿ ಹಾಕ್ತಿದೀನಿ" ಅನ್ನೋದು ಹೇಗೆ? ಪಿಶೂ ಅನ್ನೋಕಾಗಲ್ಲ, ಅದು ಬರೀ ಬರೆಯೋದು. ಪೊದ್‌ಪಿಶೂ ಅನ್ನೋಕಾಗಲ್ಲ, ಅದು ಭವಿಷ್ಯ. ಅದಕ್ಕೇ ಭಾಷೆ ಹೊಸ ಬಾಲ ಜೋಡಿಸುತ್ತೆ: ಪೊದ್‌ಪೀಸಿವತ್. ನಡುವೆ "ಇವ" ಅನ್ನೋ ತುಂಡು ಸೇರಿ, ಸಹಿ ಅನ್ನೋ ಅರ್ಥ ಉಳ್ಕೊಂಡು, ಮತ್ತೆ ಮುಗಿಯದ ರೂಪ ಸಿಕ್ತು. ಅದೇ ಥರ ಜ಼ಪಿಸಾತ್‌ಗೆ ಜ಼ಪೀಸಿವತ್, ಪೆರೆಪಿಸಾತ್‌ಗೆ ಪೆರೆಪೀಸಿವತ್. ಒತ್ತು ಎಲ್ಲಿಗೆ ಜರುಗಿತು ಅಂತಾನೂ ಗಮನಿಸಿ, "ಇವ" ಗಿಂತ ಒಂದು ಹೆಜ್ಜೆ ಮುಂಚೆ.

ಹಂತ 3ರ ಪರೀಕ್ಷೆಗೂ ಇದೇ ಸಾಧನ. ಪ್ರಿಫಿಕ್ಸ್ ಹಾಕಿದ ಪದಕ್ಕೆ ನಿಘಂಟಲ್ಲಿ ಹೀಗೆ ಹೊಸ ಜೋಡಿ ಇದ್ರೆ, ಆ ಪ್ರಿಫಿಕ್ಸ್ ಬಹುತೇಕ ಅರ್ಥ ತುಂಬಿದ್ದು. ನಪಿಸಾತ್‌ಗೆ ಜೋಡಿ ಪಿಸಾತ್ ತಾನೇ, ಬೇರೆ ಬೇಕಾಗಿಲ್ಲ.

ನೋಟ್‌ಬುಕ್ಕಲ್ಲಿ ಯಾವಾಗ್ಲೂ ಮುಗಿಯದ್ದು ಎಡಕ್ಕೆ, ಮುಗಿದಿದ್ದು ಬಲಕ್ಕೆ. ಪೊದ್‌ಪೀಸಿವತ್ / ಪೊದ್‌ಪಿಸಾತ್. ಈ ಕ್ರಮ ಒಂದ್ಸಲ ಇಟ್ಕೊಂಡ್ರೆ ಬದಲಾಯಿಸಬೇಡಿ.

## ಹಂತ 5: ಹೋಗೋ ಬರೋ ಕ್ರಿಯಾಪದಗಳನ್ನ ಬೇರೆ ಕೂತು ಕಲೀರಿ

ಇವಕ್ಕೆ ನಿಯಮ ಸ್ವಲ್ಪ ಬೇರೆ, ಅದಕ್ಕೇ ಐದನೇ ಹಂತಕ್ಕೆ ಇಟ್ಟಿದೀನಿ. ರಷ್ಯನ್‌ನಲ್ಲಿ ನಡೆದು ಹೋಗೋದಕ್ಕೆ ಎರಡು ಕ್ರಿಯಾಪದ: ಇದ್‌ತೀ ಒಂದೇ ದಿಕ್ಕಲ್ಲಿ ಹೋಗ್ತಿರೋದು, ಖೊದೀತ್ ಹೋಗಿ ಬರೋದು, ಓಡಾಡೋದು. ಎರಡೂ ಮುಗಿಯದ ರೂಪಗಳೇ. ಪ್ರಿಫಿಕ್ಸ್ ಹಾಕಿದಾಗ ಇದ್‌ತೀ ಮಾತ್ರ ಮುಗಿದ ರೂಪ ಆಗುತ್ತೆ, ದಿಕ್ಕು ಹೇಳೋ ಪ್ರಿಫಿಕ್ಸ್ ಹಾಕಿದ ಖೊದೀತ್ ಮುಗಿಯದ್ದಾಗೇ ಉಳಿಯುತ್ತೆ. ಇಬ್ಬರೂ ಸೇರಿ ಜೋಡಿ ಆಗ್ತಾರೆ:

ಪ್ರಿಖೊದೀತ್ / ಪ್ರಿಯ್‌ತೀ: ಬರೋದು, ತಲುಪೋದು
ಉಖೊದೀತ್ / ಉಯ್‌ತೀ: ಹೊರಟುಹೋಗೋದು
ವ್ಖೊದೀತ್ / ವೊಯ್‌ತೀ: ಒಳಗೆ ಹೋಗೋದು
ವಿಖೊದೀತ್ / ವೀಯ್‌ತಿ: ಹೊರಗೆ ಬರೋದು
ಪೊದ್‌ಖೊದೀತ್ / ಪೊದೊಯ್‌ತೀ: ಹತ್ರ ಹೋಗೋದು
ಪೆರೆಖೊದೀತ್ / ಪೆರೆಯ್‌ತೀ: ದಾಟೋದು
ಜ಼ಖೊದೀತ್ / ಜ಼ಯ್‌ತೀ: ಹೋಗ್ತಾ ಹಾಗೇ ಒಂದ್ಕಡೆ ಹೊಕ್ಕು ಬರೋದು

ಹೊರಗೆ ಅನ್ನೋ "ವಿ" ಮುಗಿದ ರೂಪದಲ್ಲಿ ಯಾವಾಗ್ಲೂ ಒತ್ತನ್ನ ತನ್ನ ಮೇಲೆ ಎಳ್ಕೊಳ್ಳುತ್ತೆ: ವೀಯ್‌ತಿ, ವೀಪಿಸತ್. ಜೋಡಿಯ ಇನ್ನೊಂದು ಕಡೆ ಒತ್ತು ಹಿಂದಕ್ಕೆ: ವಿಖೊದೀತ್. ಕಿವಿಗೆ ಕೇಳಿದ ಕೂಡ್ಲೇ ಯಾವ ರೂಪ ಅಂತ ಗೊತ್ತಾಗೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಮಾಸ್ಕೋ ಮೆಟ್ರೋದಲ್ಲಿ ಓಡಾಡೋರು ಬೋರ್ಡುಗಳಿಂದಲೇ ಅರ್ಧ ಕಲೀಬಹುದು. ವ್ಖೋದ್ ಅಂದ್ರೆ ಒಳಗೆ ಹೋಗೋ ದಾರಿ, ವೀಖೊದ್ ಹೊರಗೆ ಹೋಗೋ ದಾರಿ, ಪೆರೆಖೋದ್ ಇನ್ನೊಂದು ಲೈನಿಗೆ ದಾಟೋ ದಾರಿ. ಮೂರರಲ್ಲೂ ಖೋದ್ ಒಂದೇ, ಮುಂದಿನ ಒಂದೆರಡು ಅಕ್ಷರ ನೋಡಿ ದಾರಿ ಹಿಡೀಬೇಕು. ಆಸ್ಪತ್ರೇಲಿ ಬೆಳಗ್ಗೆ ಡಾಕ್ಟರು ವಾರ್ಡಿಗೆ ಸುತ್ತು ಬರೋದು ಒಬ್‌ಖೋದ್, ಲೆಕ್ಕದ ಪುಸ್ತಕದಲ್ಲಿ ದೊಖೋದ್ ಆದಾಯ, ರಸ್‌ಖೋದ್ ಖರ್ಚು. ಹಾಗೇ ಎದೆ ಪರೀಕ್ಷೆ ಮಾಡೋವಾಗ ಉಸಿರು ಎಳ್ಕೊಳ್ಳಿ ಅನ್ನೋದಕ್ಕೆ ವ್ದೊಖ್ನೀತೆ, ಬಿಡಿ ಅನ್ನೋದಕ್ಕೆ ವೀದೊಖ್ನಿತೆ, ಇಲ್ಲೂ ಅದೇ ಒಳಗೆ ಹೊರಗೆ, ಅದೇ ಒತ್ತಿನ ಆಟ.

ಹತ್ರ ಹತ್ರ ಅನ್ನಿಸೋ ಎರಡು ವಿಷ್ಯ ಇಲ್ಲಿ ಬಿಡಿಸ್ಕೊಳ್ಳಿ. ಆಫೀಸಲ್ಲಿ ಯಾರನ್ನೋ ಕೇಳ್ದಾಗ "ಓನ್ ವೀಶೆಲ್" (ವೀಯ್‌ತಿಯ ಭೂತಕಾಲ) ಅಂದ್ರೆ ಆಚೆ ಹೋಗಿದಾರೆ, ಬರ್ತಾರೆ, ಸ್ವಲ್ಪ ಕಾಯ್ರಿ. "ಓನ್ ಉಶೋಲ್" (ಉಯ್‌ತೀಯ ಭೂತಕಾಲ) ಅಂದ್ರೆ ಹೊರಟುಹೋದ್ರು, ಕಾಯೋದು ದಂಡ. ಎರಡನೇದು, ಸ್ನೇಹಿತ "ಪ್ರಿಶೋಲ್" ಅಂದ್ರೆ ಬಂದಿದಾನೆ, ಇಲ್ಲೇ ಇದಾನೆ. "ಪ್ರಿಖೊದೀಲ್" ಅಂದ್ರೆ ಬಂದು ಹೋಗಿದ್ದ. ನಮ್ಮ "ಬಂದುಹೋಗು" ಇಲ್ಲಿ ಪಕ್ಕಾ ಕೂರುತ್ತೆ.

ಗಾಡೀಲಿ ಹೋಗೋ ಯೇಖತ್‌ಗೂ ಇದೇ ವ್ಯವಸ್ಥೆ, ಆದ್ರೆ ಅದರ ಜೊತೆಗಾರ ಯೇಜ಼್‌ದಿತ್ ಪ್ರಿಫಿಕ್ಸ್ ಬಂದಾಗ ಮುಖ ಬದಲಾಯಿಸ್ಕೊಂಡು ಯೆಝಾತ್ ಆಗುತ್ತೆ: ಪ್ರಿಯೆಝಾತ್ / ಪ್ರಿಯೇಖತ್.

## ಹಂತ 6: ಪ್ರಿಫಿಕ್ಸಿಗೆ ಹೊಂದೋ ಪ್ರಿಪೊಸಿಷನ್, ವಿಭಕ್ತಿ ಒಟ್ಟಿಗೆ ಬರೀರಿ

ಪ್ರಿಫಿಕ್ಸ್ ದಿಕ್ಕು ಹೇಳಿದ ಮೇಲೆ ವಾಕ್ಯದಲ್ಲಿ ಮುಂದೆ ಬರೋ ಪ್ರಿಪೊಸಿಷನ್ನೂ ಅದನ್ನೇ ಇನ್ನೊಂದ್ಸಲ ಹೇಳುತ್ತೆ. ಬಹಳ ಸಲ ಎರಡೂ ಒಂದೇ ಥರ ಕೇಳಿಸ್ತವೆ:

ವೊಯ್‌ತೀ ವ್ ಕೋಮ್ನತು: ರೂಮಿನೊಳಗೆ ಹೋಗೋದು
ವೀಯ್‌ತಿ ಇಜ಼್ ಕೋಮ್ನತಿ: ರೂಮಿಂದ ಹೊರಗೆ ಬರೋದು
ಪೊದೊಯ್‌ತೀ ಕ್ ಒಕ್ನೂ: ಕಿಟಕಿ ಹತ್ರಕ್ಕೆ ಹೋಗೋದು
ಒತೊಯ್‌ತೀ ಒತ್ ಒಕ್ನಾ: ಕಿಟಕಿಯಿಂದ ದೂರ ಸರಿಯೋದು
ದೊಯ್‌ತೀ ದೊ ಉಗ್ಲಾ: ಮೂಲೆವರೆಗೆ ಹೋಗೋದು

ಕನ್ನಡಿಗರಿಗೆ ಇದು ನಿಜವಾಗ್ಲೂ ಸುಲಭ ಆಗಬೇಕು. ಒಳಗೆ ಹೋದ್ರೆ "ಗೆ", ಹೊರಗೆ ಬಂದ್ರೆ "ಇಂದ", ತಲುಪಿದ್ರೆ "ವರೆಗೆ", ನಮ್ಮ ವಿಭಕ್ತಿ ಪ್ರತ್ಯಯ ಮಾಡೋ ಕೆಲಸಾನೇ ಇದು. ತೊಂದ್ರೆ ಆಗೋದು "ಪೊದೊಯ್‌ತೀ ಅಂದ್ರೆ ಹತ್ರ ಹೋಗು" ಅಂತ ಅಷ್ಟೇ ಬರೆದಿಟ್ಕೊಂಡಾಗ. ಹಾಗೆ ಮಾಡಿದೋರು ಮಾತಾಡೋವಾಗ "ಕ್" ಬಿಟ್ಟು, ವಿಭಕ್ತಿ ತಪ್ಪಿಸಿ, ಅರ್ಧದಲ್ಲಿ ನಿಲ್ತಾರೆ. ಮೂರು ತುಂಡು ಸೇರಿ ಒಂದು ಪದ ಅಂತ ತಿಳ್ಕೊಂಡು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಳ್ಳೋದು ಜ಼ಪಿಸಾತ್‌ಸ್ಯ ಕ್ ವ್ರಚೂ, ಹಾಗೇ ಇಡಿಯಾಗಿ.

## ಹಂತ 7: ಹಲವು ಅರ್ಥದ ಪ್ರಿಫಿಕ್ಸ್‌ಗಳು ಈಗ, ಮುಂಚೆ ಅಲ್ಲ

ಈಗ ಪಟ್ಟಿ ನೋಡ್ಬಹುದು. ಮೂಲ ಕ್ರಿಯಾಪದ ಯಾವ ಥರದ್ದು ಅನ್ನೋದರ ಮೇಲೆ ಪ್ರಿಫಿಕ್ಸ್ ಯಾವ ಅರ್ಥ ತಗೊಳ್ಳುತ್ತೆ ಅನ್ನೋದು ನಿಂತಿದೆ.

"ಜ಼" ಸದ್ದು ಮಾಡೋ ಕ್ರಿಯಾಪದಕ್ಕೆ ಅಂಟಿದ್ರೆ ಶುರು ಅನ್ನೋ ಅರ್ಥ: ಜ಼ಪೇತ್ ಹಾಡೋಕೆ ಶುರು ಮಾಡೋದು, ಜ಼ಪ್ಲಾಕತ್ ಅಳೋಕೆ ಶುರು ಮಾಡೋದು. ಹೋಗೋ ಕ್ರಿಯಾಪದಕ್ಕೆ ಅಂಟಿದ್ರೆ ಹೊಕ್ಕು ಬರೋದು ಇಲ್ಲಾ ಹಿಂದಕ್ಕೆ ಹೋಗೋದು. ಜ಼ಕ್ರೀತ್‌ನಲ್ಲಿ ಮುಚ್ಚೋದು, ಅದರ ಎದುರು ಒತ್‌ಕ್ರೀತ್ ತೆರೆಯೋದು.

"ಪೊ" ಹೋಗೋ ಕ್ರಿಯಾಪದಕ್ಕೆ ಬಂದ್ರೆ ಹೊರಡೋದು: ಪೊಯ್‌ತೀ, ಪೊಯೇಖತ್. 1961ರ ಏಪ್ರಿಲ್ 12ರಂದು ಗಗಾರಿನ್ ರಾಕೆಟ್ ಮೇಲೇಳೋವಾಗ ಹೇಳಿದ "ಪೊಯೇಖಲಿ" ಇದೇ ಪದ, ಹೊರಟ್ವಿ ಅಂತ. ಕೂರೋದು, ಓದೋದು, ಮಾತಾಡೋದು ಇಂಥವಕ್ಕೆ ಬಂದ್ರೆ ಸ್ವಲ್ಪ ಹೊತ್ತು: ಪೊಸಿದೇತ್ ಒಂಚೂರು ಕೂರೋದು, ಪೊಚಿತಾತ್ ಒಂಚೂರು ಓದೋದು. ಪುಸ್ತಕ ಓದಿ ಮುಗಿಸಿದೆ ಅನ್ನೋಕೆ ಪೊಚಿತಾಲ್ ಅಂದ್ರೆ ಕೇಳಿದೋರು ನೀವು ನಾಲ್ಕು ಪುಟ ತಿರುವಿ ಹಾಕಿದ್ರಿ ಅಂತಾನೇ ತಿಳ್ಕೊಳ್ತಾರೆ.

"ಪೆರೆ" ದಾಟೋದು, ಮತ್ತೆ ಮಾಡೋದು, ಜಾಸ್ತಿ ಮಾಡೋದು. ಪೆರೆಯ್‌ತೀ ದಾಟೋದು, ಪೆರೆಚಿತಾತ್ ಮತ್ತೆ ಓದೋದು, ಪೆರೆಸೊಲೀತ್ ಉಪ್ಪು ಜಾಸ್ತಿ ಹಾಕೋದು. "ಪ್ರೊ" ಹಾದುಹೋಗೋದು, ಜೊತೆಗೆ ತಪ್ಪಿಸ್ಕೊಳ್ಳೋದೂ ಹೌದು: ಪ್ರೊಸ್ಪಾತ್ ಅಂದ್ರೆ ಮಲಗಿಬಿಟ್ಟು ಕ್ಲಾಸ್ ತಪ್ಪಿಸ್ಕೊಳ್ಳೋದು.

ಕೆಲವಕ್ಕೆ ಹಿಂದೆ "ಸ್ಯ" ಇಲ್ಲಾ "ಸ್" ಕೂಡ ಬೇಕು, ಮುಂದಿನದು ಹಿಂದಿನದು ಎರಡೂ ಸೇರಿದ್ರೇನೇ ಅರ್ಥ. ನಯೇಸ್ತ್‌ಸ್ಯ ಹೊಟ್ಟೆ ತುಂಬಾ ತಿನ್ನೋದು, ರಜ಼ೊಯ್‌ತೀಸ್ ಗುಂಪು ಚದುರಿ ಬೇರೆ ಬೇರೆ ಕಡೆ ಹೋಗೋದು.

## ಹಂತ 8: ಕಾಗುಣಿತ

ಚಿಕ್ಕ ಹಂತ, ಸಂಧಿ ಗೊತ್ತಿರೋರಿಗೆ ಬೇಗ ಆಗುತ್ತೆ. "ರಜ಼್" ಮುಂದೆ ಕ, ತ, ಪ, ಸ, ಖ ಥರದ ಸದ್ದು ಬಂದ್ರೆ "ರಸ್" ಆಗುತ್ತೆ: ರಜ಼್‌ಬೀತ್ ಒಡೆಯೋದು, ರಸ್‌ಕೊಲೋತ್ ಸೀಳೋದು. "ಇಜ಼್", "ವ್ಜ಼್" ಕೂಡ ಹೀಗೇ. ಉಚ್ಚಾರಣೆಗೆ ಕಷ್ಟ ಆದ ಕಡೆ ನಡುವೆ ಒಂದು "ಒ" ಬರುತ್ತೆ, ಪೊದ್ ಹೋಗಿ ಪೊದೊಯ್‌ತೀ ಆಗಿದ್ದು ಹಾಗೆ. ಪೊದ್‌ಯೇಖತ್, ಸ್ಯೇಸ್ತ್ ಇಂಥ ಕಡೆ ಪ್ರಿಫಿಕ್ಸ್ ಆದ್ಮೇಲೆ ಗಟ್ಟಿ ಚಿಹ್ನೆ (ъ) ಬರೀಬೇಕು, ಟೈಪ್ ಮಾಡೋವಾಗ ಬಿಟ್ರೆ ನಿಘಂಟಲ್ಲಿ ಪದ ಸಿಗಲ್ಲ.

## ದಾರಿ ತಪ್ತಿದೀರಿ ಅಂತ ಗೊತ್ತಾಗೋದು ಹೇಗೆ

ಬೂದು ಆದ್ಮೇಲೆ ಪ್ರಿಫಿಕ್ಸ್ ಇರೋ ಪದ ಬಾಯಿಗೆ ಬಂದ್ರೆ ಅಲ್ಲೇ ನಿಲ್ಲಿ, ಅದು ಮುಗಿಯದ ಜೋಡಿಯಾ ಅಂತ ನೋಡಿ. ಬೂದು ಪೊದ್‌ಪೀಸಿವತ್ ಸರಿ, ಬೂದು ಪೊದ್‌ಪಿಸಾತ್ ತಪ್ಪು.

ಹೊಸ ಪದ ನೋಡಿದ ತಕ್ಷಣ ಪ್ರಿಫಿಕ್ಸ್ ಕಿತ್ತು ಅರ್ಥ ಊಹಿಸಿ ಮುಂದೆ ಹೋಗ್ತಿದ್ರೆ ಅದೂ ಕೆಟ್ಟ ಲಕ್ಷಣ. ಊಹೆ ಮಾಡಿ, ಆದ್ರೆ ನಿಘಂಟು ನೋಡ್ದೆ ಬಳಸ್ಬೇಡಿ. ಪೊಕುಪಾತ್ ನೋಡಿ, ಕೊಂಡುಕೊಳ್ಳೋದು, ಮುಂದೆ "ಪೊ" ಇದ್ರೂ ಅದು ಮುಗಿಯದ ರೂಪ, ಪ್ರಿಫಿಕ್ಸ್ ಇಲ್ಲದ ಕುಪೀತ್ ಮುಗಿದ ರೂಪ. ಪೂರ್ತಿ ತಿರುವುಮುರುವು, ದಿನಾ ಅಂಗಡೀಲಿ ಬೇಕಾಗೋ ಪದ ಬೇರೆ.

ನಿಮ್ಮ ಮಾತಲ್ಲಿ ಎಲ್ಲಾ ಮುಗಿದ ರೂಪಗಳೇ ಇದ್ದು ವರ್ತಮಾನ ಹೇಳೋಕೆ ಬರ್ತಿಲ್ಲ ಅಂದ್ರೆ ಹಂತ 4 ಹಾರಿಸಿದೀರಿ ಅಂತ ಅರ್ಥ, ವಾಪಸ್ ಹೋಗಿ ಜೋಡಿ ಬರೀರಿ.

## ಪೋಲಿಷ್, ಚೆಕ್, ಜರ್ಮನ್ ಕಲಿಯೋರಿಗೆ

ಪೋಲಿಷ್, ಚೆಕ್, ಬಲ್ಗೇರಿಯನ್ ಎಲ್ಲದರಲ್ಲೂ ಪ್ರಿಫಿಕ್ಸ್ ಬಂದು ಮುಗಿದ ರೂಪ ಮಾಡೋದು, ಆಮೇಲೆ ಜೋಡಿ ಹುಟ್ಟೋದು ಇದೇ ಥರ, ಹಂತ 1ರಿಂದ 4ರವರೆಗೆ ಅಲ್ಲೂ ಕೆಲಸಕ್ಕೆ ಬರ್ತವೆ. ಅರ್ಥವನ್ನ ಮಾತ್ರ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊತ್ಕೊಂಡು ಹೋಗ್ಬೇಡಿ. ರಷ್ಯನ್ ಜ಼ಪೋಮ್ನಿತ್ ಅಂದ್ರೆ ನೆನಪಿಟ್ಕೊಳ್ಳೋದು, ಪೋಲಿಷ್ ಜ಼ಪೋಮ್ನ್ಯೆಚ್ ಅಂದ್ರೆ ಮರೆಯೋದು! ಹೊರಗೆ ಅನ್ನೋದಕ್ಕೆ ರಷ್ಯನ್, ಪೋಲಿಷ್, ಚೆಕ್‌ನಲ್ಲಿ "ವಿ" ಇದ್ರೆ ಬಲ್ಗೇರಿಯನ್, ಸರ್ಬಿಯನ್ ಕಡೆ ಸಾಮಾನ್ಯವಾಗಿ "ಇಜ಼್" ಬರುತ್ತೆ.

ಜರ್ಮನ್ ದಾರಿ ಬೇರೆ, ಅಲ್ಲಿ ಮೊದಲು ಕೇಳ್ಬೇಕಾದ ಪ್ರಶ್ನೆ ಪ್ರಿಫಿಕ್ಸ್ ಕಳಚ್ಕೊಳ್ಳುತ್ತಾ ಇಲ್ವಾ ಅಂತ. ಔಫ್‌ಷ್ಟೇಯೆನ್ (ಏಳೋದು) ವಾಕ್ಯದಲ್ಲಿ ಎರಡು ತುಂಡಾಗಿ "ಔಫ್" ವಾಕ್ಯದ ಕೊನೆಗೆ ಹೋಗಿ ಕೂರುತ್ತೆ, ಫೆರ್‌ಷ್ಟೇಯೆನ್ (ಅರ್ಥ ಆಗೋದು) ಯಾವತ್ತೂ ಒಡೆಯಲ್ಲ. ಒತ್ತು ಪ್ರಿಫಿಕ್ಸ್ ಮೇಲೆ ಬಿದ್ರೆ ಕಳಚುತ್ತೆ, ಕ್ರಿಯಾಪದದ ಮೇಲೆ ಬಿದ್ರೆ ಕಳಚಲ್ಲ. ಉಮ್‌ಫಾರೆನ್ ಅನ್ನೋ ಒಂದೇ ಕಾಗುಣಿತದ ಪದದಲ್ಲಿ ಒತ್ತು "ಉಮ್" ಮೇಲಿದ್ರೆ ಗಾಡಿ ಗುದ್ದಿ ಬೀಳಿಸೋದು, "ಫಾ" ಮೇಲಿದ್ರೆ ಸುತ್ತು ಹಾಕ್ಕೊಂಡು ಹೋಗೋದು. ಭೂತಕಾಲದ ರೂಪದಲ್ಲೂ ಇದು ಕಾಣುತ್ತೆ, ಕಳಚೋದಕ್ಕೆ ನಡುವೆ "ಗೆ" ಸೇರಿ ಔಫ್‌ಗೆಷ್ಟಾಂಡೆನ್ ಆಗುತ್ತೆ, ಕಳಚದೇ ಇರೋದಕ್ಕೆ "ಗೆ" ಬರಲ್ಲ, ಬರೀ ಫೆರ್‌ಷ್ಟಾಂಡೆನ್. ಹಾಗಾಗಿ ಜರ್ಮನ್ ಪುಟದಲ್ಲಿ ಜೋಡಿ ಬರೆಯೋ ಜಾಗದಲ್ಲಿ ಈ ಭೂತಕಾಲದ ರೂಪ ಬರೆದಿಡಿ.